ಗುಡ್ಡದ ಮೇಲಿನ ಇಗರ್ಜಿ, ಗೋಡೆಯ ಮೇಲಿನ ಪ್ಲೇಗು

ಗಾಂಧಿನಗರದ ಟ್ರಾವೆಲ್ಸ್ ಅಂಗಡಿಗಳ ಬೋರ್ಡು ಓದುತ್ತಾ ನಡೆಯುವುದು ನನ್ನ ಹಳೇ ಚಟ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಆಚೆ ಬಂದರೆ ಸಾಕು, ಧರ್ಮಸ್ಥಳ, ಮಂತ್ರಾಲಯ, ತಿರುಪತಿ, ಶಿರಡಿ ಎಂದು ದೇವರುಗಳೆಲ್ಲ ಸಾಲಾಗಿ ಟಿಕೆಟ್ ದರದ ಸಮೇತ ದರ್ಶನ ಕೊಡುತ್ತಾರೆ. ಈಚಿನ ವರ್ಷಗಳಲ್ಲಿ ಅದೇ ಬೋರ್ಡಿನ ಕೆಳಗೆ, ಅದೇ ಕೆಂಪು ಅಕ್ಷರದಲ್ಲಿ, ಯೂರೋಪೂ ಸೇರಿಕೊಂಡಿದೆ, ಶುದ್ಧ ಸಸ್ಯಾಹಾರಿ ಊಟದ ಭರವಸೆಯೊಂದಿಗೆ. ಹಾಗೆ ಹೋಗಿಬಂದ ಓದುಗರಲ್ಲಿ ಕೆಲವರು ನನಗೆ ಬರೆಯುತ್ತಾರೆ. ಪ್ಯಾರಿಸ್ ಬಗ್ಗೆಯಾಗಲಿ ಸ್ವಿಸ್ ಹಿಮದ ಬಗ್ಗೆಯಾಗಲಿ ಅವರಿಗೆ ಅನುಮಾನಗಳಿರುವುದಿಲ್ಲ. ಅನುಮಾನವೆಲ್ಲ ಇಟಲಿಯದು. "ಮೇಡಂ, ರೋಮ್ ಬಿಟ್ಟ ಮೇಲೆ ಎಲ್ಲಿ ನೋಡಿದರೂ ಗುಡ್ಡ, ಗುಡ್ಡದ ಮೇಲೊಂದು ಊರು, ಊರಿನ ನೆತ್ತಿಯಲ್ಲೊಂದು ಚರ್ಚು. ಮೂರು ನಾಲ್ಕು ಕಡೆ ಇಳಿಸಿ ತೋರಿಸಿದರು. ಒಳಗೆ ಕತ್ತಲೆ. ಎಲ್ಲವೂ ಒಂದೇ ಥರ ಕಂಡವು. ಅಷ್ಟು ದೂರ ಹೋಗಿ ನೋಡಬೇಕಾದ್ದನ್ನೇ ನೋಡದೆ ಬಂದೆವೇನೋ ಅನ್ನಿಸ್ತಿದೆ." ನಿವೃತ್ತ ಮೇಷ್ಟ್ರೊಬ್ಬರ ಪತ್ರ ಇದು. ಇದೇ ಧಾಟಿಯ ಪತ್ರಗಳು ಮಲ್ಲೇಶ್ವರದಿಂದಲೂ ಬಂದಿವೆ. ಅಂಥದ್ದು ನಮ್ಮಲ್ಲೂ ಉಂಟೇ ಎಂದು ಒಬ್ಬರು ಕೊನೆಗೊಂದು ಸಾಲು ಸೇರಿಸಿದ್ದರು.

ಉಂಟು. ಆದರೆ ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನು ಕಲೆಯ ಇತಿಹಾಸ ಓದಿದವಳಲ್ಲ. ಮಗಳು ಮಿಲಾನಿನಲ್ಲಿ ಕೆಲಸದಲ್ಲಿದ್ದಾಗ ಎರಡು ಸಲ ಹೋಗಿ, ಒಟ್ಟು ಐದು ವಾರ ಅವಳ ಬಾಡಿಗೆ ಮನೆಯಲ್ಲಿದ್ದೆ. ಅವಳು ಆಫೀಸಿಗೆ ಹೋದ ಮೇಲೆ ನಾನು ಲೋಕಲ್ ರೈಲು ಹತ್ತಿ ಸುತ್ತಮುತ್ತಲ ಊರು ನೋಡುವುದು. ಮೊದಲ ವಾರ ನನಗೂ ಎಲ್ಲ ಚರ್ಚುಗಳೂ ಒಂದೇ ಥರ ಕಂಡವು. ಮೇಷ್ಟ್ರೇ, ತಪ್ಪು ನಿಮ್ಮದಲ್ಲ. ನಾವು ಅಲ್ಲಿಗೆ ಕ್ಷೇತ್ರ ನೋಡುವ ಕಣ್ಣು ತೆಗೆದುಕೊಂಡು ಹೋಗುತ್ತೇವೆ. ನಮ್ಮಲ್ಲಿ ಬೆಟ್ಟದ ಮೇಲೆ ದೇವರು, ಬುಡದಲ್ಲಿ ಜನ. ಶಿವಗಂಗೆ ಹತ್ತುವುದು, ಇಳಿಯುವುದು, ಮನೆಗೆ ಬರುವುದು. ಇಟಲಿಯ ಗುಡ್ಡದಲ್ಲಿ ದೇವರ ಜೊತೆ ಜನರೂ ಮೇಲೆಯೇ ಇದ್ದಾರೆ. ಕೆಳಗಿನ ಬಯಲಿನಲ್ಲಿ ದಂಡು ಬರುತ್ತಿತ್ತು, ಜೌಗಿನಲ್ಲಿ ಚಳಿಜ್ವರ ಹುಟ್ಟುತ್ತಿತ್ತು. ಮಲೇರಿಯಾ ಎನ್ನುವ ಹೆಸರೇ ಇಟಾಲಿಯನ್ನರದು, ಕೆಟ್ಟ ಗಾಳಿ ಎಂದು ಅರ್ಥ. ಕೆಟ್ಟ ಗಾಳಿಗೆ ಹೆದರಿ ಮೇಲೆ ಹತ್ತಿದವರು ಮೇಲೆಯೇ ಉಳಿದರು. ಹಾಗಾಗಿ ಆ ಚರ್ಚು ಕ್ಷೇತ್ರವಲ್ಲ, ಊರಿನ ಮನೆ. ಮಗುವಿಗೆ ಹೆಸರಿಟ್ಟಿದ್ದು, ಮದುವೆಯಾಗಿದ್ದು, ಹೆಣ ಇಳಿಸಿದ್ದು ಎಲ್ಲ ಅಲ್ಲೇ. ದೀಕ್ಷಾಸ್ನಾನ ಮತ್ತು ಮದುವೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಧರ್ಮಸಭೆ 1563ರಲ್ಲಿ ಕಟ್ಟುಮಾಡಿತು. ಸರ್ಕಾರಿ ನೋಂದಣಿ ಬರುವ ಎಷ್ಟೋ ಮುಂಚೆ ಊರಿನ ಜನರ ಲೆಕ್ಕ ಪಾದ್ರಿಗಳ ಕಪಾಟಿನಲ್ಲಿತ್ತು. ತಮ್ಮೂರ ಗಂಟೆಗೋಪುರದ ಮೇಲಿನ ಅತಿಯಾದ ಮೋಹಕ್ಕೆ ಅವರಲ್ಲೊಂದು ಪದವೇ ಇದೆ, ಕಾಂಪಾನಿಲಿಸ್ಮೊ. ಪಕ್ಕದೂರಿನ ತೇರಿಗಿಂತ ನಮ್ಮೂರ ತೇರು ಒಂದು ಮೊಳ ಎತ್ತರ ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ಗೋಡೆ ನೋಡಿ ಪೆಚ್ಚಾಗಬೇಡಿ. ಎಷ್ಟೋ ಚರ್ಚುಗಳ ಮುಖಭಾಗ ಬರೀ ಇಟ್ಟಿಗೆಯಲ್ಲಿ, ಬರೀ ಒರಟುಕಲ್ಲಿನಲ್ಲಿ ನಿಂತುಹೋಗಿದೆ. ಒಳಗೆ ಮುಗಿಸೋಣ, ಹೊರಗಿನದು ದುಡ್ಡು ಬಂದಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟಿದ್ದು. ನಮ್ಮ ಬಡಾವಣೆಗಳಲ್ಲಿ ಗೃಹಪ್ರವೇಶವಾಗಿ ಹತ್ತು ವರ್ಷವಾದರೂ ಹೊರಗೋಡೆಗೆ ಪ್ಲಾಸ್ಟರ್ ಕಾಣದ ಮನೆಗಳಿಲ್ಲವೇ, ಹಾಗೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ ಎಂದು ಮಲ್ಲೇಶ್ವರದ ಓದುಗರು ಬೇಸರಪಟ್ಟಿದ್ದಾರೆ. ಹನ್ನೆರಡೂವರೆಗೆ ಗವಿಪುರಕ್ಕೆ ಹೋದರೂ ಬಾಗಿಲು ಹಾಕಿರುತ್ತದಲ್ಲ!

ಇನ್ನು ಕತ್ತಲೆಯ ಮಾತು. ಎರಡನೇ ವಾರ ಬೆರ್ಗಾಮೊದ ಆಚೆ ಬೆಟ್ಟದ ಮಗ್ಗುಲಿನ ಒಂದು ಸಣ್ಣ ಊರಿಗೆ ಹೋಗಿದ್ದೆ. ಶನಿವಾರವಾದ್ದರಿಂದ ಮಗಳೂ ಇದ್ದಳು. ಚರ್ಚಿನ ಒಳಗೆ ನಮ್ಮಿಬ್ಬರನ್ನು ಬಿಟ್ಟರೆ ಮುದುಕಿಯೊಬ್ಬಳು ಪೊರಕೆ ಹಿಡಿದು ಗುಡಿಸುತ್ತಿದ್ದಳು. ಪಕ್ಕದ ಗೂಡಿನಂಥ ಜಾಗದಲ್ಲಿ ಗೋಡೆಯ ಮೇಲೆ ಏನೋ ಚಿತ್ರ ಇರುವ ಹಾಗಿತ್ತು, ಕಾಣುತ್ತಿರಲಿಲ್ಲ. ಕಂಬಕ್ಕೆ ಬಿಗಿದ ಒಂದು ತಗಡಿನ ಡಬ್ಬಿ ತೋರಿಸಿ ಮಗಳು "ಅಮ್ಮ, ಒಂದು ಯೂರೋ ಹಾಕು" ಅಂದಳು. ನಾಣ್ಯ ಒಳಗೆ ಬಿದ್ದಿದ್ದೇ ಟಪ್ ಎಂದು ದೀಪ ಹತ್ತಿತು. ಗೋಡೆ ತುಂಬ ಜನ! ಕುದುರೆ, ಕತ್ತೆ, ಕೊಡ ಹೊತ್ತ ಹೆಂಗಸು, ನಡುವೆ ಸಂತನೊಬ್ಬ ತನ್ನ ತೊಡೆಯ ಮೇಲಿನ ಬಟ್ಟೆ ಸರಿಸಿ ನಮಗೆ ಏನನ್ನೋ ತೋರಿಸುತ್ತಿದ್ದಾನೆ. ಪಕ್ಕದಲ್ಲೊಂದು ನಾಯಿ, ಬಾಯಲ್ಲಿ ರೊಟ್ಟಿ. ಏನು ತೋರಿಸುತ್ತಿದ್ದಾನೆ ಎಂದು ನಾನು ಹತ್ತಿರ ಹೋಗುವಷ್ಟರಲ್ಲಿ ಮತ್ತೆ ಟಪ್, ಕತ್ತಲೆ. ಒಂದು ಯೂರೋಗೆ ಎರಡು ನಿಮಿಷ. ನನ್ನ ಹತ್ತಿರ ಇನ್ನೊಂದು ನಾಣ್ಯ ಇರಲಿಲ್ಲ. ಮುದುಕಿ ಪೊರಕೆ ಗೋಡೆಗೆ ಒರಗಿಸಿ, ಮುಂಗೈ ಚೀಲದಿಂದ ತನ್ನದೇ ನಾಣ್ಯ ತೆಗೆದು ಹಾಕಿ, ನನ್ನನ್ನು ನೋಡದೆ ಗುಡಿಸಲು ಹೋದಳು.

ಸಂತ ತೋರಿಸುತ್ತಿದ್ದದ್ದು ಪ್ಲೇಗಿನ ಗಂಟು. ಹೆಸರು ಸಾನ್ ರೊಕ್ಕೊ. ಪ್ಲೇಗಿನವರ ಆರೈಕೆ ಮಾಡಲು ಹೋಗಿ ತನಗೇ ಅಂಟಿಸಿಕೊಂಡು ಕಾಡು ಸೇರಿದ, ನಾಯಿ ದಿನಾ ರೊಟ್ಟಿ ತಂದುಕೊಟ್ಟು ಬದುಕಿಸಿತು ಎಂದು ಐತಿಹ್ಯ. ಒಮ್ಮೆ ಗುರುತು ಸಿಕ್ಕಿದ ಮೇಲೆ ನನಗೆ ಅವನು ಎಲ್ಲೆಲ್ಲೂ ಕಾಣತೊಡಗಿದ. ಉತ್ತರ ಇಟಲಿಯ ಎಷ್ಟೋ ಊರುಗಳ ಹೆಬ್ಬಾಗಿಲಿನ ಆಚೆ, ಊರಿಗೆ ಸೇರಿದ್ದೋ ಅಲ್ಲವೋ ಎನ್ನುವಂತೆ, ಅವನದೊಂದು ಪುಟ್ಟ ಗುಡಿ ಇರುತ್ತದೆ. ಊರ ಗಡಿಯಲ್ಲಿ ಮಾರಮ್ಮ ಕೂತಿರುತ್ತಾಳಲ್ಲ, ಅದೇ ಜಾಗ, ಅದೇ ಕೆಲಸ. ಬೆರ್ಗಾಮೊದ ಮೇಲೂರಿನಲ್ಲಿರುವ ಸಾಂತಾ ಮರಿಯಾ ಮಜ್ಜೋರೆ ಎಂಬ ದೊಡ್ಡ ಚರ್ಚು ಶುರುವಾದದ್ದೇ ಪ್ಲೇಗಿನಿಂದ ಊರನ್ನು ಕಾಪಾಡು ತಾಯಿ ಎಂದು ಮರಿಯಮ್ಮನಿಗೆ ಹೊತ್ತ ಹರಕೆಯಿಂದ, 1137ರಲ್ಲಿ. ಅದಕ್ಕೆ ಎದುರುಬಾಗಿಲೇ ಇಲ್ಲ, ಪಕ್ಕದ ಬಾಗಿಲುಗಳಿಂದ ಒಳಗೆ ಹೋಗಬೇಕು. ಇದೇ ಬೆರ್ಗಾಮೊದಿಂದ 2020ರ ಮಾರ್ಚಿನಲ್ಲಿ ಶವಪೆಟ್ಟಿಗೆ ತುಂಬಿದ ಮಿಲಿಟರಿ ಲಾರಿಗಳ ಸಾಲು ರಾತ್ರಿ ಹೊರಟದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಆ ರಾತ್ರಿ ನನಗೆ ನೆನಪಾದದ್ದು ಆ ಮುದುಕಿ.

ಮೇಷ್ಟ್ರು ಕೇಳಿದ, ಏನು ನೋಡಬೇಕಿತ್ತು ಎನ್ನುವ ಪ್ರಶ್ನೆಗೆ ನನ್ನ ಉತ್ತರ: ಗೋಡೆಯ ಗಾರೆ ನೋಡಬೇಕಿತ್ತು. ತಮಾಷೆ ಮಾಡುತ್ತಿಲ್ಲ. ಬಸವನಗುಡಿಯ ನಮ್ಮ ಮನೆ ಹಳೇದು, ಮದ್ರಾಸ್ ತಾರಸಿ, ಸುಣ್ಣದ ಗಾರೆಯ ಗೋಡೆ. ಒಂದು ಮಳೆಗಾಲ ನಡುಮನೆಯ ಗೋಡೆ ಉಬ್ಬಿ ಉದುರಿತು. ಸಿಮೆಂಟ್ ಮೆತ್ತಿಸಿದೆ, ಮರುವರ್ಷ ಸಿಮೆಂಟೂ ಹೊಪ್ಪಳೆಯಾಗಿ ಎದ್ದು ಬಂತು. ಕೊನೆಗೆ ಸಿಕ್ಕಿದ ವಯಸ್ಸಾದ ಮೇಸ್ತ್ರಿ ನೋಡಿ, "ಅಮ್ಮಾ, ಸುಣ್ಣದ ಗೋಡೆ ಉಸಿರಾಡ್ತದೆ, ಅದರ ಮೂಗು ಮುಚ್ಚಿಬಿಟ್ರಲ್ಲ" ಅಂದರು. ಸುಣ್ಣದ ಕಲ್ಲು ತರಿಸಿ, ಹಿತ್ತಲಲ್ಲಿ ಗುಂಡಿ ತೋಡಿ, ನೀರು ಹಾಕಿ ಅರಳಿಸಿದರು. ಕೊತಕೊತ ಕುದ್ದು ಹೊಗೆ ಎದ್ದದ್ದು ನೋಡಿ ಪಕ್ಕದ ಮನೆಯ ಮಕ್ಕಳೆಲ್ಲ ಬಂದವು. ವಾರಗಟ್ಟಲೆ ನೀರಲ್ಲಿ ಬಿಟ್ಟ ಮೇಲೆ ಅದು ಮೊಸರಿನ ಗಟ್ಟಿಯ ಹಾಗೆ ನುಣ್ಣಗಾಯಿತು. ಅದಕ್ಕೆ ಜರಡಿ ಹಿಡಿದ ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಕರಣೆಯಿಂದ ತೆಳ್ಳಗೆ ಎಳೆದು, "ಇವತ್ತು ಇದನ್ನು ಯಾರೂ ಮುಟ್ಟಬೇಡಿ. ಇವತ್ತು ಬಿದ್ದ ಗುರುತು ಜನ್ಮಕ್ಕೂ ಹೋಗಲ್ಲ" ಎಂದು ಹೇಳಿ ಹೋದರು. ಪಕ್ಕದ ಮನೆಯ ಹುಡುಗನ ಐದು ಬೆರಳು ಈಗಲೂ ನಮ್ಮ ನಡುಮನೆಯಲ್ಲಿವೆ.

ಇಟಲಿಯ ಚಿತ್ರಗಳ ಗುಟ್ಟು ಆ ಐದು ಬೆರಳಿನಲ್ಲಿದೆ. ಫ್ರೆಸ್ಕೊ ಎಂದು ನಾವು ಕರೆಯುವುದು ಇಟಾಲಿಯನ್ನಿನ ಅಫ್ರೆಸ್ಕೊ, ಹಸಿಯಾಗಿದ್ದಾಗ ಮಾಡಿದ್ದು ಎಂದು ಅರ್ಥ. ಮೊದಲು ಒರಟು ಗಾರೆ. ಅದರ ಮೇಲೆ ಆ ದಿನ ಎಷ್ಟು ಚಿತ್ರ ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ನುಣುಪು ಗಾರೆ. ಅದು ಒಣಗುವ ಮುಂಚೆ ಬರೀ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಅಂಟು ಬೇಡ, ಎಣ್ಣೆ ಬೇಡ. ಸುಣ್ಣ ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಬಣ್ಣದ ಕಣ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಅದು ಗೋಡೆಗೆ ಹಚ್ಚಿದ ಬಣ್ಣವಾಗಿ ಉಳಿಯುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ತಪ್ಪಾದರೆ ಒರೆಸುವ ಹಾಗಿಲ್ಲ, ಗಾರೆ ಕಿತ್ತು ಮತ್ತೆ ಬಳಿಯಬೇಕು. ಒಂದು ದಿನದ ಆ ತೇಪೆಗೆ ಜೊರ್ನಾತಾ ಎಂದು ಹೆಸರು, ಅಂದರೆ ದಿನದ ಕೂಲಿ ಇದ್ದ ಹಾಗೆ, ದಿನದ ಕೆಲಸ. ಗೋಡೆಗೆ ಓರೆಯಾಗಿ ಬೆಳಕು ಬಿದ್ದಾಗ ತೇಪೆಯ ಅಂಚು ಕಾಣುತ್ತದೆ. ಆಕಾಶಕ್ಕೆ ಅಗಲವಾದ ತೇಪೆ, ಮುಖಕ್ಕೆ ಪುಟ್ಟದು. ಎಲ್ಲಿ ಬೇಗಬೇಗ ಮುಗಿಸಿದ, ಎಲ್ಲಿ ಒಂದು ಕಣ್ಣಿಗಾಗಿ ಇಡೀ ದಿನ ಕೂತ ಎಂಬುದು ಗೊತ್ತಾಗಿಬಿಡುತ್ತದೆ. ಇನ್ನೊಂದು ಗುರುತು ಹೇಳುತ್ತೇನೆ. ಹಳೇ ಚಿತ್ರಗಳಲ್ಲಿ ಮರಿಯಮ್ಮನ ಮುಖ ನಿನ್ನೆ ಬರೆದಂತಿರುತ್ತದೆ, ನೀಲಿ ಮೇಲುಹೊದಿಕೆ ಮಾತ್ರ ಹಪ್ಪಳ ಎದ್ದು ಉದುರಿರುತ್ತದೆ. ಆ ನೀಲಿ ಹಸಿ ಸುಣ್ಣದಲ್ಲಿ ತಡೆಯುವುದಿಲ್ಲ ಎಂದು ಗೋಡೆ ಒಣಗಿದ ಮೇಲೆ ಅಂಟು ಸೇರಿಸಿ ಹಚ್ಚುತ್ತಿದ್ದರು. ಗಾರೆಯೊಳಗೆ ಇಳಿದ ಬಣ್ಣ ನಿಂತಿತು, ಮೇಲೆ ಕೂತ ಬಣ್ಣ ಹೋಯಿತು.

ಅಕ್ಷರ ಬಾರದವರಿಗೆ ಬೈಬಲ್ ತಿಳಿಸಲು ಈ ಚಿತ್ರ ಬರೆಸಿದರು ಎಂದು ಗೈಡುಗಳೆಲ್ಲ ಹೇಳುತ್ತಾರೆ. ಇರಬಹುದು. ಆದರೆ ಅಷ್ಟು ಮೇಲೆ, ಅಷ್ಟು ಕತ್ತಲೆಯಲ್ಲಿ ಯಾರು ಓದುತ್ತಿದ್ದರು? ಬರೆಸಿದವರಿಗೆ ತಮ್ಮ ಹೆಸರಿನ ಆಸೆಯೂ ಇತ್ತು ಎಂದು ನನ್ನ ಎಣಿಕೆ. ಮೂಲೆಯಲ್ಲಿ ಕೈಮುಗಿದು ಮಂಡಿಯೂರಿದ ಒಬ್ಬ ದಪ್ಪ ಗೃಹಸ್ಥ ಇರುತ್ತಾನೆ ನೋಡಿ, ದುಡ್ಡು ಕೊಟ್ಟವನು ಅವನೇ. ಟ್ಯೂಬ್‌ಲೈಟಿನ ಗಾಜಿನ ಮೇಲೆ ದಾನಿಗಳ ಹೆಸರು ಬರೆಸಿ, ಬೆಳಕು ಅರ್ಧ ಮಾಡಿದ ದೇವಸ್ಥಾನಗಳ ಊರಿನವರು ನಾವು, ಅವನನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಬೆಳ್ಳಿಯ ಪುಟ್ಟ ಹೃದಯಗಳು, ಕೈ, ಕಾಲು, ಕಣ್ಣು, ಪಿ.ಜಿ.ಆರ್. ಎಂದು ಬರೆದ ಹಲಗೆಗಳು ಬೇರೆ ಇರುತ್ತವೆ. ಬೇಡಿದ್ದು ಸಿಕ್ಕಿತು ಎಂಬ ಮೂರಕ್ಷರದ ರಸೀದಿ ಅದು. ನಮ್ಮ ಹರಕೆಯ ಬೆಳ್ಳಿ ಕಣ್ಣಿಗೆ ರಸೀದಿ ಇಲ್ಲ ಎನ್ನುವುದೊಂದೇ ವ್ಯತ್ಯಾಸ.

ಈ ಸುಣ್ಣಕ್ಕೆ ಇನ್ನೊಂದು ಮುಖವಿದೆ. ಪ್ಲೇಗ್ ಬಂದಾಗ ಸೋಂಕು ಹೋಗಲಿ ಎಂದು ಚರ್ಚಿನ ಗೋಡೆಗಳಿಗೆಲ್ಲ ಸುಣ್ಣ ಬಳಿದುಬಿಡುತ್ತಿದ್ದರು, ಚಿತ್ರವಿರಲಿ ಏನಿರಲಿ. ಉತ್ತರ ಇಟಲಿಯನ್ನು 1630ರಲ್ಲಿ ಗುಡಿಸಿಹಾಕಿದ ಪ್ಲೇಗಿನ ಕಾಲದಲ್ಲಿ ಹಾಗೆ ಮುಚ್ಚಿಹೋದ ಚಿತ್ರಗಳು ಎಷ್ಟೋ ತಲೆಮಾರಿನ ನಂತರ ಯಾರೋ ಗೋಡೆ ಕೆರೆದಾಗ ಕಂಡಿವೆ. ಚಿತ್ರ ಉಳಿದದ್ದೂ ಸುಣ್ಣದಿಂದ, ಅಳಿದದ್ದೂ ಸುಣ್ಣದಿಂದ. ನಮ್ಮ ದೇವಸ್ಥಾನಗಳ ಕಂಬಕ್ಕೆ ಈಗ ಬಳಿಯುವ ಆಯಿಲ್ ಪೇಂಟನ್ನು ಕೆರೆದು ಒಳಗಿನದನ್ನು ಕಾಣುವ ಭಾಗ್ಯ ಯಾರಿಗಿದೆಯೋ.

ಬಸವನಗುಡಿಯವರಿಗೆ ಪ್ಲೇಗಿನ ಕಥೆ ಹೊರಗಿನದಲ್ಲ. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟಿನಲ್ಲಿ, ರೈಲಿನಲ್ಲಿ. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಜನ ಸತ್ತರು, ಉಳಿದವರು ಬಯಲಿಗೆ ಬಂದು ಗುಡಿಸಲು ಹಾಕಿದರು. ಬಡಾವಣೆಗಳ ಯೋಚನೆ ಮೊದಲೇ ಇತ್ತಾದರೂ ಬಸವನಗುಡಿ, ಮಲ್ಲೇಶ್ವರಗಳ ಕೆಲಸ ಚುರುಕಾದದ್ದು ಆ ಭಯದಿಂದ. ಅಗಲ ರಸ್ತೆ, ಮನೆಮನೆಯ ನಡುವೆ ಗಾಳಿ, ಹಿಂದುಗಡೆ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಅದರ ಗುರುತು. ನನ್ನ ಮುತ್ತಜ್ಜ ಬಳೇಪೇಟೆ ಬಿಟ್ಟು ಬಂದದ್ದು ಇಬ್ಬರು ಮಕ್ಕಳನ್ನು ಕಳೆದುಕೊಂಡ ಮೇಲೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ನನ್ನ ಅಜ್ಜಿ ಕೊನೆಗಾಲದವರೆಗೂ ಬೆಚ್ಚುತ್ತಿದ್ದರು. ತ್ಯಾಗರಾಜನಗರದ ಪ್ಲೇಗಮ್ಮನ ಗುಡಿಗೆ ಮಂಗಳವಾರ ಹೋಗುವ ಹೆಂಗಸರಲ್ಲಿ ಎಷ್ಟು ಜನ ಆ ಹೆಸರನ್ನು ಇಂಗ್ಲಿಷ್ ರೋಗದ ಹೆಸರೆಂದು ಯೋಚಿಸುತ್ತಾರೋ ಗೊತ್ತಿಲ್ಲ. ರೋಗ ಹೋಯಿತು, ಅಮ್ಮ ಉಳಿದಳು.

ಈಗ ನಮ್ಮಲ್ಲೂ ಉಂಟೇ ಎಂಬ ಪ್ರಶ್ನೆಗೆ ಉತ್ತರ: ಮಂಗಳೂರು. ಮಗಳು ವಾಪಸು ಬಂದ ಮೇಲೆ ಮದುವೆಯೊಂದಕ್ಕೆ ಹೋಗಿದ್ದವರು ಒಂದು ದಿನ ಹೆಚ್ಚು ಉಳಿದು ಬಾವುಟಗುಡ್ಡೆ ಹತ್ತಿದೆವು. ಸಂತ ಅಲೋಶಿಯಸ್ ಕಾಲೇಜು ಗುಡ್ಡದ ನೆತ್ತಿಯಲ್ಲಿದೆ, ಅದರ ಮಗ್ಗುಲಲ್ಲಿ ಚಾಪೆಲ್. ಹೊರಗಿನಿಂದ ಹೇಳಿಕೊಳ್ಳುವಂಥದ್ದೇನಿಲ್ಲ, ಹಂಚಿನ ಮಾಡಿನ ಬಿಳಿ ಕಟ್ಟಡ. ಚಪ್ಪಲಿ ಸದ್ದಿಗೆ ಮುಜುಗರಪಡುತ್ತಾ ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಗೋಡೆ, ಕಮಾನು, ಚಾವಣಿ, ಒಂದು ಗೇಣು ಜಾಗ ಬಿಡದಂತೆ ಚಿತ್ರ. ಹೂಮಾಲೆ ಹಿಡಿದ ದೇವದೂತರು, ಇಳಿಜಾರು ಚಾವಣಿಯಲ್ಲಿ ಯೇಸುವಿನ ಶಿಷ್ಯರು. ಗಾರೆಯಲ್ಲಿ ಎಬ್ಬಿಸಿದ ಪಟ್ಟಿ ಎಂದು ನಾನು ಅಂದುಕೊಂಡದ್ದು ಬಣ್ಣದಲ್ಲಿ ಬರೆದ ನೆರಳು. "ಅಮ್ಮ, ಇದು ಬೆರ್ಗಾಮೊ" ಅಂದಳು ಮಗಳು. ಅವಳು ಹೇಳಿದ್ದು ಬಾಯಿಮಾತಿಗೆ. ಆದರೆ ನಿಜಕ್ಕೂ ಅದು ಬೆರ್ಗಾಮೊವೇ.

ಚಿತ್ರ ಬರೆದವರು ಅಂತೋನಿಯೊ ಮೊಸ್ಕೇನಿ. ಬೆರ್ಗಾಮೊದ ಹತ್ತಿರದ ಸ್ತೆತ್ಸಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೊದ ಕರ್ರಾರಾ ಕಲಾಶಾಲೆಯಲ್ಲಿ ಕಲಿತು, ಚಿತ್ರಕಾರನೆಂದು ಹೆಸರು ಮಾಡುತ್ತಿದ್ದಾಗಲೇ, ಮೂವತ್ತೈದರ ಸುಮಾರಿಗೆ, ಎಲ್ಲ ಬಿಟ್ಟು ಜೆಸ್ವಿಟರ ಯೇಸುಸಭೆ ಸೇರಿದವರು. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. ಮಂಗಳೂರಿಗೆ ಇಟಲಿಯ ಯೇಸುಸಭೆಯವರು ಬಂದಿಳಿದದ್ದು 1878ರ ಡಿಸೆಂಬರ್ 31ರಂದು. ಮುಂದಿನ ಒಂದೂವರೆ ವರ್ಷದೊಳಗೆ, 1880ರಲ್ಲಿ, ಕಾಲೇಜು ಶುರುವಾಯಿತು. ಚಾಪೆಲ್ಲಿನ ಗೋಡೆಗಳು ಬರಿದಾಗಿದ್ದವು. ನಮಗೊಬ್ಬ ಚಿತ್ರಕಾರನನ್ನು ಕಳಿಸಿ ಎಂದು ಇಲ್ಲಿಯವರು ಇಟಲಿಗೆ ಬರೆದರು, 1899ರಲ್ಲಿ ಮೊಸ್ಕೇನಿ ಕೆಲಸ ಹಿಡಿದರು. ಗೋಡೆಗಳಿಗೆ ಹಸಿಗಾರೆಯ ಚಿತ್ರ, ಕೆಲವು ಭಾಗಕ್ಕೆ ಬಟ್ಟೆಯ ಮೇಲೆ ಎಣ್ಣೆಬಣ್ಣ. ಮಂಗಳೂರಿನ ಮಳೆಗಾಲದಲ್ಲಿ ಒಗೆದ ಪಂಚೆ ಮೂರು ದಿನವಾದರೂ ಒಣಗುವುದಿಲ್ಲ. ಆ ತೇವದಲ್ಲಿ ಗಾರೆ ಎಷ್ಟು ಹೊತ್ತು ಹಸಿಯಾಗಿರುತ್ತದೆ ಎನ್ನುವ ಬೆರ್ಗಾಮೊದ ಲೆಕ್ಕವೆಲ್ಲ ತಲೆಕೆಳಗಾಗಿರಬೇಕು. ಅದೇ ತೇವ ನಂತರ ಚಿತ್ರಗಳನ್ನೂ ತಿನ್ನತೊಡಗಿ, 1990ರ ದಶಕದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆಯಾದ ಇಂಟ್ಯಾಕ್‌ನವರು ಬಂದು ಸರಿಪಡಿಸಬೇಕಾಯಿತು. ಮೊಸ್ಕೇನಿ ಮತ್ತೆ ಊರು ಸೇರಲಿಲ್ಲ. ಕೊಚ್ಚಿಯ ಸಾಂತಾ ಕ್ರೂಸ್ ಚರ್ಚಿನ ಚಿತ್ರಗಳಿಗೆಂದು ಹೋದವರು 1905ರ ನವೆಂಬರ್ 15ರಂದು ಅಲ್ಲೇ ತೀರಿಕೊಂಡರು. ಆ ಚರ್ಚಿನ ಪ್ರತಿಷ್ಠೆ ನಡೆದದ್ದು ನಾಲ್ಕು ದಿನ ಬಿಟ್ಟು.

ಚಾವಣಿಯ ನಡುಭಾಗದಲ್ಲಿರುವುದು ಅಲೋಶಿಯಸ್‌ನ ಬದುಕು. ಅಲೋಶಿಯಸ್ ಕಾಲೇಜು, ಅಲೋಶಿಯಸ್ ಸ್ಕೂಲು ಎಂದು ನಾವು ದಿನಾ ಹೇಳುವ ಹೆಸರು ಯಾರದು ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲೇ ಇಲ್ಲ. ಅವನೂ ಒಂದು ಗುಡ್ಡದ ಊರಿನ ಹುಡುಗ. ಗಾರ್ದಾ ಸರೋವರದ ತೆಂಕಣ ದಿಬ್ಬಗಳ ಮೇಲಿನ ಕಾಸ್ತಿಲ್ಯೋನೆ ದೆಲ್ಲೆ ಸ್ತಿವಿಯೆರೆಯಲ್ಲಿ 1568ರಲ್ಲಿ ಪಾಳೆಯಗಾರನ ಹಿರೇಮಗನಾಗಿ ಹುಟ್ಟಿದವನು, ಮನೆಯವರು ಕರೆಯುತ್ತಿದ್ದದ್ದು ಲುಯಿಜಿ. ಪಟ್ಟವನ್ನು ತಮ್ಮನಿಗೆ ಬರೆದುಕೊಟ್ಟು ರೋಮಿಗೆ ಹೋಗಿ ಯೇಸುಸಭೆ ಸೇರಿದ. ಅಲ್ಲಿ 1591ರಲ್ಲಿ ಸಾಂಕ್ರಾಮಿಕ ಬಡಿದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ಸೇರಿಸುವ ಕೆಲಸಕ್ಕೆ ನಿಂತ, ಅಂಟಿಸಿಕೊಂಡ, ಜೂನ್ 21ರಂದು ಸತ್ತ. ವಯಸ್ಸು ಇಪ್ಪತ್ತಮೂರು. ಅವನ ತಲೆಬುರುಡೆಯನ್ನು ಹುಟ್ಟೂರಿನ ಚರ್ಚಿನಲ್ಲಿಟ್ಟಿದ್ದಾರೆ. ಅದೇ ಊರಿನ ದೊಡ್ಡ ಚರ್ಚಿಗೆ 1859ರ ಜೂನ್ 24ರ ಸೊಲ್ಫೆರಿನೊ ಕಾಳಗದ ಗಾಯಾಳುಗಳನ್ನು ಗಾಡಿಗಟ್ಟಲೆ ತಂದು ಸುರಿದರು. ಊರಿನ ಹೆಂಗಸರು ನಮ್ಮವರು, ಶತ್ರುಗಳು ಎನ್ನದೆ ಎಲ್ಲರಿಗೂ ನೀರು ಕುಡಿಸಿದರು. ವ್ಯಾಪಾರದ ಕೆಲಸಕ್ಕೆ ಬಂದಿದ್ದ ಜಿನೀವಾದ ಆನ್ರಿ ದ್ಯುನಾಂ ಆ ಚರ್ಚಿನೊಳಗೆ ಅವರ ಜೊತೆ ಕೈಜೋಡಿಸಿದ, ನಾಲ್ಕು ವರ್ಷಕ್ಕೆ ರೆಡ್‌ಕ್ರಾಸ್ ಹುಟ್ಟಿತು. ಮಿಲಾನಿನಲ್ಲಿದ್ದಾಗ ಆ ಊರು ನನಗೆ ಅಷ್ಟೇನೂ ದೂರವಿರಲಿಲ್ಲ, ನಾನು ಹೋಗಲಿಲ್ಲ. ಆಗ ಗೊತ್ತಿರಲಿಲ್ಲ.

ಚಾಪೆಲ್ಲಿನ ಬೆಂಚಿನ ಮೇಲೆ ಕೂತು ಕತ್ತೆತ್ತಿ, ಚಾವಣಿಯಲ್ಲಿ ಅಲೋಶಿಯಸ್ ಆರೈಕೆ ಮಾಡುತ್ತಿದ್ದ ರೋಗಿಗಳನ್ನು ನೋಡುತ್ತಾ ನನಗೆ ತಾರೀಕು ಹೊಳೆಯಿತು. 1899. ನನ್ನ ಮುತ್ತಜ್ಜ ಬಳೇಪೇಟೆಯ ಮನೆಗೆ ಬೀಗ ಹಾಕಿದ ಮರುವರ್ಷ. ಬೆಂಗಳೂರಿನಲ್ಲಿ ಹೆಣ ಸಾಗಿಸುತ್ತಿದ್ದ ದಿನಗಳಲ್ಲೇ ಘಟ್ಟದ ಕೆಳಗೆ ಮೊಸ್ಕೇನಿ ಸಾರವೆ ಹತ್ತಿ ರೋಮಿನ ಪ್ಲೇಗನ್ನು ಬರೆಯುತ್ತಿದ್ದರು. ಅದು ಅವರಿಗೆ ಬರೀ ಮುನ್ನೂರು ವರ್ಷದ ಹಳೇ ಕಥೆಯಾಗಿತ್ತೆಂದು ನನಗನ್ನಿಸುವುದಿಲ್ಲ. ಪ್ಲೇಗ್ ಮುಂಬಯಿಯಲ್ಲಿತ್ತು, ಹುಬ್ಬಳ್ಳಿಯಲ್ಲಿತ್ತು. ಮಂಗಳೂರಿಗೂ ಬಂತು. ಅವರ ಸಂಗಡಿಗರಾದ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ 1902ರಲ್ಲಿ ಪ್ಲೇಗಿಗೆಂದೇ ಆಸ್ಪತ್ರೆ ತೆರೆದರು.

ಹಾಗಾದರೆ ಬೆಂಗಳೂರಿನಲ್ಲೇ ಇಂಥದ್ದು ಯಾಕಿಲ್ಲ? ಇಲ್ಲಿಗೆ ಬಂದವರು ಇಟಲಿಯವರಲ್ಲ, ಪ್ಯಾರಿಸ್ಸಿನ ಮಿಷನ್ನಿನವರು. ಯೇಸುಸಭೆಯನ್ನು ಪೋಪರು 1773ರಲ್ಲಿ ವಿಸರ್ಜಿಸಿದ ಮೇಲೆ ಮೈಸೂರು ಸೀಮೆ ಫ್ರೆಂಚ್ ಪಾದ್ರಿಗಳ ಪಾಲಿಗೆ ಬಂತು. ಅವರ ಮನಸ್ಸೆಲ್ಲ ಚೂಪು ಕಮಾನು, ಮುಗಿಲಿಗೆ ಮುಟ್ಟುವ ಶಿಖರ, ಬಣ್ಣದ ಗಾಜಿನ ಮೇಲೆ. 1882ರಲ್ಲಿ ಪ್ರತಿಷ್ಠೆಯಾದ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ ನೋಡಿದರೆ ಗೊತ್ತಾಗುತ್ತದೆ. ಗಾಜಿನಲ್ಲಿ ಬೆಳಕು ಬರಬೇಕೆಂದರೆ ಗೋಡೆ ಕಡಿಮೆಯಾಗಬೇಕು, ಗೋಡೆ ಕಡಿಮೆಯಾದರೆ ಫ್ರೆಸ್ಕೊಗೆ ಜಾಗವಿಲ್ಲ. ಮಾತಿನಲ್ಲೂ ಈ ವ್ಯತ್ಯಾಸ ಇದೆ. ಕರಾವಳಿಯವರು ಪೋರ್ಚುಗೀಸರಿಂದ ಪಡೆದ ಇಗರ್ಜಿ ಎನ್ನುತ್ತಾರೆ, ನಮ್ಮ ಕಡೆಯ ಕನ್ನಡ ಕ್ರೈಸ್ತರಿಗೆ ಅದು ದೇವಾಲಯ, ಒಳಗೆ ನಡೆಯುವುದು ಬಲಿಪೂಜೆ, ಹಬ್ಬಕ್ಕೆ ಎಳೆಯುವುದು ತೇರು. ಗುಡ್ಡವೇ ಬೇಕೆನ್ನುವವರಿಗೆ ವಿರಾಜಪೇಟೆ ಇದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ 1792ರಲ್ಲಿ ಜಾಗ ಕೊಟ್ಟು ನಿಲ್ಲಿಸಿದ ಸಂತ ಅನ್ನಮ್ಮನವರ ದೇವಾಲಯ ಊರಿನ ನಡುವೆಯೇ ಇದೆ. ಈಗಿನ ಕಟ್ಟಡ ಆಮೇಲಿನದು.

ಆದರೆ ಗೋಡೆ ನೋಡಬೇಕೆಂದರೆ ಮಂಗಳೂರಿಗೇ ಹೋಗಬೇಕು. ಮೇಷ್ಟ್ರೇ, ಅದೇ ಗಾಂಧಿನಗರದಿಂದ, ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಶಿರಾಡಿ ಘಾಟಿ ಇಳಿದಿರುತ್ತೀರಿ. ಪಾಸ್‌ಪೋರ್ಟ್ ಬೇಡ, ಸಸ್ಯಾಹಾರದ ಚಿಂತೆಯಿಲ್ಲ. ಕಾಲೇಜಿನ ಆವರಣವಾದ್ದರಿಂದ ಪೂಜೆ, ಪರೀಕ್ಷೆಯ ಹೊತ್ತು ಕೇಳಿಕೊಂಡು ಹೋಗಿ. ದೂರದ ಕನ್ನಡಕ ಮರೆಯಬೇಡಿ. ಬೆಂಚಿನ ಮೇಲೆ ಹಿಂದಕ್ಕೆ ಒರಗಿ ಕೂತರೆ ಕತ್ತು ನೋಯುವುದಿಲ್ಲ. ಫೋಟೊ ಇದ್ದರೆ ಕಳಿಸಿ ಎಂದು ಕೇಳಿದ್ದೀರಿ, ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ನಾನು ಕೂತಿದ್ದಾಗ ಕಾಲೇಜು ಹುಡುಗನೊಬ್ಬ ಮೊಬೈಲ್ ಮೇಲೆತ್ತಿದ, ಕಾವಲಿನವರು ಬಂದು ಬೆರಳಾಡಿಸಿದರು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಏನು ಮಾಡುವುದೆಂದು ತಿಳಿಯದೆ ನಿಂತು, ಆಮೇಲೆ ನನ್ನ ಮುಂದಿನ ಬೆಂಚಿನಲ್ಲಿ ಕೂತು ತಲೆ ಎತ್ತಿದ.